ಹದಿನಾಲ್ಕರ ಯಜಮಾನ

ಮೊನ್ನೆ ಮೊಮ್ಮಕ್ಕಳು ಟೀವಿಯಲ್ಲಿ ಒಂದು ಸಿನಿಮಾ ಹಾಕಿದ್ದರು. ನಾಲ್ಕು ಜನ ಹೈಸ್ಕೂಲು ಹುಡುಗರಿಗೆ ಬೇಗ ದೊಡ್ಡವರಾಗಬೇಕೆಂಬ ಹುಚ್ಚು. ಅಂಟುಮೀಸೆ ಹಚ್ಚಿಕೊಳ್ಳುತ್ತಾರೆ, ಅಪ್ಪನ ಕೋಟು ತೊಡುತ್ತಾರೆ, ದೊಡ್ಡವರು ಹೋಗುವ ಜಾಗಕ್ಕೆಲ್ಲ ನುಗ್ಗಿ ಒದೆ ತಿನ್ನುತ್ತಾರೆ. ಹಳೇ ಸೈಕಲ್ಲು, ಹಳೇ ರೇಡಿಯೋ, ಹಿಂದೆ ಮೆಲ್ಲಗೆ ಒಂದು ಕೊಳಲು. ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ಬಂತು. ಅಂಟುಮೀಸೆಯಂತೆ! ದೇವರು ಕೊಟ್ಟ ಮೀಸೆಯೇ ನನಗೆ ಹದಿಮೂರಕ್ಕೆ ಬಂದು ಮನೆ ಮುರಿಯುವುದರಲ್ಲಿತ್ತು, ಅದನ್ನು ಯಾರೂ ಸಿನಿಮಾ ತೆಗೆಯಲಿಲ್ಲ. ತಾತ ಯಾಕೆ ಮುಖ ಊದಿಸಿಕೊಂಡಿದ್ದಾನೆ ಎಂದು ಸಣ್ಣವಳು ಕೇಳಿದಳು. ಹೇಳಲು ಕೂತರೆ ಅರ್ಧಕ್ಕೇ ಎದ್ದು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ನಡುವೆ ಎದ್ದು ಹೋಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಟ್ಟೂರಿನಲ್ಲಿ ನಮ್ಮದು ಮೂರೇ ಜನರ ಮನೆ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವ್ವ ಹುಡುಗರ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿ, ಬಳ್ಳಾರಿಯಲ್ಲಿ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿ, ದಿನಾ ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನಿನ ದಾರಿ ಕಾಯುತ್ತ ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಆ ಸೀಟು ಸಿಕ್ಕರೆ ಎರಡು ವರ್ಷದಲ್ಲಿ ಅವಳು ಮೇಡಮ್ಮು. ಆದರೆ ಹಗರಿಬೊಮ್ಮನಹಳ್ಳಿಯಲ್ಲಿದ್ದ ನಮ್ಮ ಸೋದರಮಾವ ಅವಳಿಗೆ ಗಂಡು ಹುಡುಕುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬಂದು, ಇದು ಗಂಡು ದಿಕ್ಕಿಲ್ಲದ ಮನೆ ಎಂದು ನಿಟ್ಟುಸಿರು ಬಿಟ್ಟು, ಎರಡು ರೊಟ್ಟಿ ಹೆಚ್ಚಿಗೆ ತಿಂದು ಹೋಗುತ್ತಿದ್ದ. ಸೀಟು ಮೊದಲು ಬರುತ್ತದೋ ಗಂಡು ಮೊದಲು ಬರುತ್ತದೋ ಎಂಬುದರ ಮೇಲೆ ಅಕ್ಕನ ಬದುಕು ನಿಂತಿತ್ತು.

ಇದರ ನಡುವೆ ನನ್ನ ಮೀಸೆ. ಬೇರೆ ಹುಡುಗರಿಗೆ ಮೂಗಿನ ಕೆಳಗೆ ಧೂಳು ಕೂತಷ್ಟು ಬಂದಿದ್ದರೆ ನನಗೆ ಪೊರಕೆಯಂಥದ್ದೇ ಬಂತು. ಜೊತೆಗೆ ಆರಡಿಗೆ ನಾಲ್ಕು ಬೆರಳು ಕಡಿಮೆ ಎತ್ತರ, ಡೊಳ್ಳಿನ ದನಿ. ಕ್ಷೌರದ ಅಂಗಡಿಯಲ್ಲಿ ಹುಡುಗರನ್ನು ಕೂರಿಸಲು ಕುರ್ಚಿಯ ಕೈಗಳ ಮೇಲೆ ಒಂದು ಹಲಗೆ ಹಾಕುತ್ತಾರಲ್ಲ, ನನಗೆ ಅದನ್ನು ತೆಗೆದ ದಿನ ನಾನು ಊರೆಲ್ಲ ಸುತ್ತಿ ಹೇಳಿಕೊಂಡು ಬಂದೆ. ಒಮ್ಮೆ ಶಾಲೆಗೆ ಬಂದ ಇನ್ಸ್‌ಪೆಕ್ಟರು, ಮಾಸ್ತರು ಹೊರಗೆ ಹೋಗಿದ್ದಾಗ, ಬೋರ್ಡಿನ ಹತ್ತಿರ ನಿಂತಿದ್ದ ನನಗೇ ನಮಸ್ಕಾರ ಮಾಡಿ ಹಾಜರಿ ಪುಸ್ತಕ ಕೇಳಿದರು. ನಾನು ಕೊಟ್ಟೆ. ಅವರು ಸಹಿ ಮಾಡಿ, ಮಕ್ಕಳು ಶಿಸ್ತಾಗಿದ್ದಾರೆ ಎಂದು ನನ್ನನ್ನು ಹೊಗಳಿ ಹೋದರು. ಮೀಸೆ ಬಂದವನಿಗೆ ದೇಶ ಕಾಣದು ಎನ್ನುತ್ತಾರೆ. ನನಗೆ ದೇಶ ಹಾಳಾಗಿಹೋಗಲಿ, ಮನೆಯಲ್ಲಿದ್ದ ಅಕ್ಕನೇ ಕಾಣಲಿಲ್ಲ.

ಗಂಡೇ ಮೊದಲು ಬಂತು. ಹರಪನಹಳ್ಳಿಯವನು, ಸೊಸೈಟಿಯಲ್ಲಿ ಗುಮಾಸ್ತ, ಮೂವತ್ತರ ಹತ್ತಿರ. ನಮ್ಮಲ್ಲಿ ಮಾತು ಮುಗಿಸುವ ಮೊದಲು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರಬೇಕು. ಹೆಣ್ಣಿನ ಮನೆಯ ಗಂಡಸು ಒಬ್ಬನಾದರೂ ಅದರಲ್ಲಿ ಇರಲೇಬೇಕು. ಮಾವ ಎಷ್ಟೆಂದರೂ ಅವ್ವನ ತವರಿನವನು. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಗಂಡು ದಿಕ್ಕು ಮನೆಯಲ್ಲೇ ಇಟ್ಟುಕೊಂಡು ಇಷ್ಟು ದಿನ ಅಳುತ್ತಿದ್ದೆವಲ್ಲ ಎಂದ. ಅಪ್ಪನ ಕಪ್ಪು ಕೋಟು, ಕಚ್ಚೆ ಪಂಚೆ, ಹೆಗಲಿಗೆ ಟವೆಲ್ಲು ಬಂದವು. ಬಸ್ಸಿನಲ್ಲಿ ಮಾವ ಪಾಠ ಹೇಳಿದ. ಮಾತಾಡಬಾರದು, ಏನು ಕೇಳಿದರೂ ಹೂಂ ಎನ್ನಬೇಕು, ಹೂಂ ಎನ್ನುವ ಮೊದಲು ಒಮ್ಮೆ ಮೀಸೆ ತೀಡಬೇಕು.

ಗಂಡಿನ ಅಪ್ಪ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಜಮಖಾನದ ನಡುವೆ ನನ್ನನ್ನೇ ಕೂರಿಸಿದರು. ಈ ಸಲ ನಿಮ್ಮ ಕಡೆ ಮಳೆ ಬೆಳೆ ಹೇಗೆ ಎಂದು ಕೇಳಿದರು. ಮೀಸೆ ತೀಡಿದೆ, ಹೂಂ ಅಂದೆ. ಸರ್ಕಾರದ ಪರಿಸ್ಥಿತಿ ಏನಾಗಬಹುದು ಎಂದರು. ತೀಡಿದೆ, ಹೂಂ ಅಂದೆ. ಅವರು ಎದುರಿಗೆ ಕೂತು ಉಗುರು ಕಚ್ಚುತ್ತಿದ್ದ ಮಗನ ಕಡೆ ತಿರುಗಿ, ತೂಕದ ಮಾತು ಅಂದರೆ ಇದು, ನೋಡಿ ಕಲಿ ಎಂದರು. ಆ ಮೂವತ್ತರ ಗುಮಾಸ್ತ ತಲೆ ತಗ್ಗಿಸಿದ. ಅಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳನ್ನು ಅವನ ತಂಗಿ ತಂದಿಟ್ಟಳು. ಹದಿನೆಂಟರ ಹುಡುಗಿ. ನಾನು ಬಜ್ಜಿಯ ಒಳಗಿನ ಮೆಣಸಿನಕಾಯಿ ಎಳೆದು ತಟ್ಟೆಯ ಅಂಚಿಗಿಟ್ಟು ಬರೀ ಹಿಟ್ಟು ತಿನ್ನುವುದನ್ನು ಅವಳು ಒಂದು ಕ್ಷಣ ನಿಂತು ನೋಡಿ ಒಳಗೆ ಹೋದಳು.

ಆಗ ಅವಳ ಅಪ್ಪ ಸಾಟಿಯ ಮಾತು ತೆಗೆದರು. ನಮ್ಮ ಕಡೆ ಗೊತ್ತಿರುವ ಪದ್ಧತಿ ಅದು. ನಿಮ್ಮ ಹುಡುಗಿ ನಮ್ಮ ಮನೆಗೆ, ನಮ್ಮ ಹುಡುಗಿ ನಿಮ್ಮ ಮನೆಗೆ, ಒಂದೇ ಹಂದರದಲ್ಲಿ ಎರಡು ಮದುವೆ. ಆದರೆ ಎರಡೂ ಆಗಬೇಕು, ಒಂದು ಮುರಿದರೆ ಇನ್ನೊಂದೂ ಇಲ್ಲ. ಮಾವನಿಗೆ ಮಂಡಕ್ಕಿ ನೆತ್ತಿಗೇರಿ ಕೆಮ್ಮು ಬಂತು. ಕೆಮ್ಮುವಷ್ಟರಲ್ಲೇ ಅವನ ತಲೆ ಓಡಿತು. ನೀರು ಕುಡಿದು, ನಮ್ಮ ಹುಡುಗನಿಗೆ ಇಪ್ಪತ್ತು ತುಂಬಿದೆ ಎಂದುಬಿಟ್ಟ. ನನಗೆ ಹದಿನಾಲ್ಕು. ಇನ್ನು ನಾಲ್ಕು ದಿನಕ್ಕೆ ಒಂಬತ್ತನೇ ಕ್ಲಾಸಿನ ಗಣಿತ ಪರೀಕ್ಷೆ ಇತ್ತು.

ಆ ಮನೆಯ ಯಜಮಾನರು ನನ್ನ ಕಡೆ ತಿರುಗಿ ಕೈ ಮುಗಿದರು.

"ಮನಿ ಹಿರೇರು ನೀವು ಅದೀರಿ. ನಿಮ್ಮ ಮನಸಿನಾಗೆ ಏನೈತಿ ಹೇಳ್ರಿ."

ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸಿನಿಮಾದಲ್ಲಾದರೆ ಇಲ್ಲೊಂದು ಹಾಡು ಬರುತ್ತದೆ. ಹುಡುಗನಿಗೆ ಅಕ್ಕನ ಮುಖ ಕಾಣುತ್ತದೆ, ಕಣ್ಣು ತುಂಬುತ್ತದೆ. ನನಗೆ ಯಾವ ಮುಖವೂ ಕಾಣಲಿಲ್ಲ, ಸುಳ್ಳು ಯಾಕೆ ಹೇಳಲಿ? ಮೀಸೆ ತೀಡಿದೆ. ಹೂಂ ಅನ್ನುವುದು ಈ ಗಳಿಗೆಗೆ ಸಣ್ಣ ಮಾತಾಯಿತು ಅನ್ನಿಸಿ, ಡೊಳ್ಳಿನ ದನಿಯಲ್ಲಿ "ಆಗಬಹುದು" ಎಂದೆ. ಎಲೆ ಅಡಿಕೆ ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ. ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟ ಹಾಗೆ.

ಮನೆಗೆ ಬಂದು ಮಾವ ಸುದ್ದಿ ಹೇಳಿದಾಗ ಅಕ್ಕ ಕೂಗಾಡುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ನಿಂತಳು. ಕಾಲಿಗೆ ನೀರು ಕೊಟ್ಟಳು. "ಯಜಮಾನ್ರು ಬಂದ್ರಿ? ಊಟಕ್ಕ ಏಳ್ರಿ" ಅಂದಳು. ಅಲ್ಲಿಂದ ಮುಂದೆ ನನ್ನನ್ನು ಏಕವಚನದಲ್ಲಿ ಕರೆಯಲೇ ಇಲ್ಲ. ಮೊದಲ ಎರಡು ದಿನ ನನಗೆ ಬಹಳ ಖುಷಿಯಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಉಪ್ಪು ತರುವುದೋ ಬೇಡವೋ ಎಂಬುದನ್ನೂ ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದೆ. ಆಮೇಲೆ ಕಷ್ಟ ಶುರುವಾಯಿತು. ಬುಗುರಿ ತೆಗೆದುಕೊಂಡು ಹೊರಟರೆ, ಯಜಮಾನರು ಬುಗುರಿ ಆಡಿದರೆ ಹರಪನಹಳ್ಳಿಯವರು ಏನಂದಾರು ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಗಣಿತ ಬಾರದ ನನಗೆ ಪ್ರತಿ ಸಂಜೆ ಅವಳೇ ಹೇಳಿಕೊಡಬೇಕಿತ್ತು. ಪುಸ್ತಕ ಹಿಡಿದು ಹೋದರೆ, ಹಿರಿಯರಿಗೆ ಪಾಠ ಹೇಳುವಷ್ಟು ದೊಡ್ಡವಳಲ್ಲ ನಾನು ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಪರೀಕ್ಷೆಯಲ್ಲಿ ನೂರಕ್ಕೆ ಒಂಬತ್ತು ಬಂತು. ಹೊಡೆಯಲು ಬೆತ್ತ ಎತ್ತಿದ ಮಾಸ್ತರು ನನ್ನ ಮೀಸೆ ನೋಡಿ, ಬೆತ್ತ ಇಳಿಸಿ, ಮನೆಯಲ್ಲಿ ಏನಾದರೂ ತಾಪತ್ರಯವೇನಪ್ಪ ಎಂದು ಕೇಳಿದರು.

ಒಂದು ವಾರಕ್ಕೆ ನನಗೆ ಸಾಕಾಗಿಹೋಯಿತು. ಅಕ್ಕ ಒಂದು ಸಲ "ಲೇ" ಅಂದರೆ ಸಾಕು ಅನ್ನಿಸತೊಡಗಿತು. ಅವಳು ಅನ್ನಲಿಲ್ಲ.

ಮದುವೆಗೆ ಇಪ್ಪತ್ತು ದಿನ ಇರುವಾಗ ಬಳ್ಳಾರಿಯಿಂದ ಕಾಗದ ಬಂತು. ಸೀಟು ಸಿಕ್ಕಿತ್ತು. ಹತ್ತು ದಿನದೊಳಗೆ ಬಂದು ಸೇರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಬರೆದಿತ್ತು. ಅವ್ವ ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಾವನ ಮುಂದೆ ನಿಂತಳು. ಓದು ಬಾರದ ನನ್ನಂತೆ ಮಗಳೂ ಒಲೆ ಮುಂದೆ ಕೂರುವುದು ಬೇಡ ಎಂದು ಅವ್ವ ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಬಗ್ಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಮನೆಯ ಗಂಡಸು ಎಲೆ ಅಡಿಕೆ ಹಿಡಿದ ಮೇಲೆ ಇನ್ನೇನು ಉಳಿದಿದೆ ಎಂದ. ಗಂಡಸು ಮೂಲೆಯಲ್ಲಿ ಕೂತು ಚಪ್ಪಲಿಯ ಬಾರು ಕೀಳುತ್ತಿತ್ತು.

ಮಾವ ಬಸ್ಸು ಹತ್ತಿದ ಮೇಲೆ ಅಕ್ಕ ಬಂದು ನನ್ನ ಮುಂದೆ ಕೂತಳು.

"ಲೇ ತಮ್ಮಾ," ಅಂದಳು. ಕೀಳುತ್ತಿದ್ದ ಬಾರು ಕೈಬಿಟ್ಟೆ. "ಗಂಡಸಾಗಿ ಕೊಟ್ಟ ಮಾತು ಮುರದ್ರ ಮನಿ ಮರ್ಯಾದಿ ಹೋಗ್ತತಿ. ಹುಡುಗ ಆಡಿದ್ದು ಅಂದ್ರ ಅದು ಮಾತ ಅಲ್ಲ. ನೀ ಹೋಗಿ ಅವರ ಮುಂದ ಹುಡುಗ ಆಗಿ ನಿಂದ್ರು. ನಂಗ ಬ್ಯಾರೆ ದಾರಿ ಇಲ್ಲ."

ಇದು ನನಗೆ ಸುಲಭ ಅನ್ನಿಸಿತು. ಹುಡುಗನಾಗಿಯೇ ಇದ್ದೇನಲ್ಲ, ಹುಡುಗನಾಗುವುದೇನು ಮಹಾ? ಮೊದಲು ಶಾಲೆಗೆ ಹೋಗಿ ವಯಸ್ಸಿನ ದಾಖಲೆ ಕೇಳಿದೆ. ಹೆಡ್‌ಮಾಸ್ತರರು ರಿಜಿಸ್ಟರು ತೆಗೆದು, ನಿನಗೆ ಹದಿನೇಳಪ್ಪ ಎಂದರು. ನಮ್ಮ ಕಾಲಕ್ಕೆ ಹುಟ್ಟಿದ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ತುಂಬಿತೆಂದು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಉದ್ದ ಕೈಯ ನಾನು ಮೂರು ವರ್ಷದವನಿದ್ದಾಗ ಅಪ್ಪನ ಜೊತೆ ಯಾವುದೋ ಕೆಲಸಕ್ಕೆ ಹೋದವನು, ಯಾರೂ ಕೇಳದೆ ಕಿವಿ ಮುಟ್ಟಿ ತೋರಿಸಿದ್ದೆನಂತೆ. ಮಾಸ್ತರು ಅಲ್ಲೇ ಬರೆದುಕೊಂಡರಂತೆ. ಎರಡು ಸಲ ಫೇಲಾಗಿದ್ದರಿಂದ ಕ್ಲಾಸಿಗೂ ವಯಸ್ಸಿಗೂ ಹೇಗೋ ಸರಿಹೋಗಿತ್ತು, ಕಾಗದಕ್ಕೆ ಮಾತ್ರ ಸರಿಹೋಗಿರಲಿಲ್ಲ. ಕಾಗದದ ಪ್ರಕಾರವೂ ನಾನು ದೊಡ್ಡವನೇ.

ಇನ್ನು ಉಳಿದದ್ದು ಮೀಸೆ ಬೋಳಿಸುವುದು. ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ಅಪ್ಪ ಸತ್ತಾಗ. ಕ್ಷೌರದವರು ಕತ್ತಿ ಕೆಳಗಿಟ್ಟು, ನಿಮ್ಮಪ್ಪ ತೀರಿಕೊಂಡು ಮೂರು ವರ್ಷ ಆಯಿತು, ಈಗ ಯಾರು ಎಂದು ಮೆಲ್ಲಗೆ ಕೇಳಿದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ದುಃಖದಲ್ಲಿದ್ದಾನೆ ಎಂದು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಇಬ್ಬರು ಹಿರಿಯರು ಹೆಗಲು ಮುಟ್ಟಿ ಸಮಾಧಾನ ಹೇಳಿದರು, ಮೂಲೆಮನೆಯ ಅಜ್ಜಿ ಯಾರಿಗೆಂದು ಗೊತ್ತಿಲ್ಲದೆಯೇ ಅಳಲು ಶುರುಮಾಡಿದಳು. ಅವ್ವ ಹಾಸ್ಟೆಲಿನಿಂದ ಓಡಿಬಂದಳು. ಅವಳ ಹಿಂದೆ ನಾಲ್ಕು ಜನ ಬಂದಿದ್ದರು. ಯಾರೂ ಸತ್ತಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಚಡ್ಡಿಯದೊಂದು ಬೇರೆ ಕಥೆ. ನನ್ನ ಖಾಕಿ ಚಡ್ಡಿಗಳನ್ನೆಲ್ಲ ಅವ್ವ ದಿಂಬಿಗೆ ತುಂಬಿದ್ದಳು. ಅಕ್ಕ ದಿಂಬು ಬಿಚ್ಚಿ ಒಂದನ್ನು ಹೊರಗೆಳೆದಳು. ಸೊಂಟಕ್ಕೆ ಬರಲಿಲ್ಲ. ಪಕ್ಕದ ಮನೆಯ ಟೇಲರ್ ಸಾಬರು ಹಿಂದುಗಡೆ ಸೀಳಿ ನಾಲ್ಕು ಬೆರಳು ಅಗಲದ ಹಸಿರು ಬಟ್ಟೆ ಕೂಡಿಸಿ ಹೊಲಿದುಕೊಟ್ಟರು. ಇದನ್ನು ಹಾಕಿಕೊಂಡು ಯಾರಿಗೂ ಬೆನ್ನು ತೋರಿಸಬೇಡ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಒಬ್ಬನೇ ಬಸ್ಸು ಹತ್ತಿದೆ. ಕಂಡಕ್ಟರು ಪೂರಾ ಟಿಕೆಟ್ಟು ಹರಿಯಲು ಹೋದರೆ ನಾನು ಅರ್ಧ ಟಿಕೆಟ್ಟೇ ಬೇಕು ಎಂದೆ. ಅರ್ಧ ಟಿಕೆಟ್ಟು ಹನ್ನೆರಡರೊಳಗಿನವರಿಗೆ. ನನಗೆ ದುಡ್ಡಿನ ಚಿಂತೆಯಲ್ಲ. ಶಾಲೆಯ ದಾಖಲೆ ಕೈಕೊಟ್ಟ ಮೇಲೆ, ಸರ್ಕಾರದ ಮುದ್ರೆ ಇರುವ ಒಂದಾದರೂ ಕಾಗದ ನಾನು ಹುಡುಗ ಎಂದು ಹೇಳಲಿ ಎಂಬ ಆಸೆ. ಪೂರಾ ದುಡ್ಡು ತೆಗೆದುಕೊಂಡು ಅರ್ಧ ಟಿಕೆಟ್ಟು ಕೊಡಿ ಎಂದು ಬೇಡಿಕೊಂಡೆ. ಅವರು ತಮ್ಮ ನೌಕರಿಯಲ್ಲೇ ಇಂಥ ಗಿರಾಕಿ ನೋಡಿರಲಿಲ್ಲ. ಚಿಗಟೇರಿಯವರೆಗೆ ಬಸ್ಸಿನವರೆಲ್ಲ ಸೇರಿ ನನ್ನ ವಯಸ್ಸಿನ ಬಗ್ಗೆ ಪಂಚಾಯಿತಿ ಮಾಡಿದರು. ಒಬ್ಬ ಮುದುಕರು ನನ್ನ ಬಾಯಿ ತೆರೆಸಿ, ಎತ್ತಿಗೆ ನೋಡುವಂತೆ ಹಲ್ಲು ಎಣಿಸಿ, ದವಡೆಹಲ್ಲು ಪೂರಾ ಬಂದಿಲ್ಲ, ಅರ್ಧ ಕೊಡಬಹುದು ಎಂದು ತೀರ್ಪು ಕೊಟ್ಟರು. ಕಂಡಕ್ಟರು ತಲೆ ಚಚ್ಚಿಕೊಂಡು ಅರ್ಧ ಹರಿದು ಕೊಟ್ಟರು.

ಹರಪನಹಳ್ಳಿಯ ಮನೆಯ ಮುಂದೆ ನಿಂತಾಗ ನನ್ನ ಕಾಲು ನಡುಗುತ್ತಿದ್ದವು. ಚಡ್ಡಿಯಾದ್ದರಿಂದ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಆ ಮನೆಯ ಯಜಮಾನರು ಕನ್ನಡಕ ಏರಿಸಿ ನೋಡಿ, ಮುಖದ ಹೋಲಿಕೆ ಹಿಡಿದು ಸಂತೋಷಪಟ್ಟರು. ಅವರು ನನ್ನನ್ನು ನನ್ನ ತಮ್ಮ ಅಂದುಕೊಂಡರು. ಅಣ್ಣ ಆರಾಮವಾಗಿದ್ದಾರಾ, ಯಾಕೆ ಅವರು ಬರಲಿಲ್ಲ, ನಿಮ್ಮಣ್ಣನಂಥ ಗಂಭೀರ ಮನುಷ್ಯ ಈ ಸುತ್ತಿನಲ್ಲಿ ಸಿಗುವುದಿಲ್ಲ, ಅವರ ಹಾಗೆ ಆಗಬೇಕು ನೀನು ಎಂದರು. ನಾನೇ ಆ ಅಣ್ಣ ಎಂದೆ. ತಮಾಷೆ ಮಾಡುತ್ತೀಯ ಎಂದು ನಕ್ಕು ಬೆನ್ನು ತಟ್ಟಿದರು. ಅರ್ಧ ಟಿಕೆಟ್ಟು ತೋರಿಸಿದೆ. ಸರಿಯಪ್ಪ, ನೀನು ಅರ್ಧ, ನಿಮ್ಮಣ್ಣ ಪೂರಾ, ನಾನೆಲ್ಲಿ ಬೇಡವೆಂದೆ ಎಂದರು. ಎಂಥ ಗ್ರಹಚಾರ ನೋಡಿ. ಹುಡುಗ ಎಂಬುದನ್ನು ಅವರು ಚೆನ್ನಾಗಿಯೇ ನಂಬಿದ್ದರು, ನಾನು ನಾನೇ ಎಂಬುದನ್ನು ನಂಬಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮಗಳು ಹೊರಗೆ ಬಂದಳು. ರೊಟ್ಟಿ ಮಾಡುತ್ತಿದ್ದಳು ಅಂತ ಕಾಣುತ್ತದೆ, ಕೈಗೆ ಹಂಚಿನ ಮಸಿ ಹತ್ತಿತ್ತು. ಸೀದಾ ನನ್ನ ಹತ್ತಿರ ಬಂದು, ಎರಡು ಬೆರಳಿನಿಂದ ನನ್ನ ಮೂಗಿನ ಕೆಳಗೆ ಮಸಿ ಎಳೆದು, ಗದ್ದ ಹಿಡಿದು ಅಪ್ಪನ ಕಡೆ ತಿರುಗಿಸಿದಳು. ಅಭ್ಯಾಸ ನೋಡಿ, ನನ್ನ ಕೈ ತಾನಾಗಿಯೇ ಮೇಲೆ ಹೋಗಿ ಆ ಮಸಿಯನ್ನು ತೀಡಿತು.

ಯಜಮಾನರು ನಿಂತಲ್ಲೇ ಕೂತರು. ಆಮೇಲೆ ಖರೇ ವಯಸ್ಸು ಎಷ್ಟು ಎಂದು ಕೇಳಿದರು. ಹದಿನಾಲ್ಕು ಎಂದೆ. ಇಲ್ಲಿಗೆ ಯಾರು ಕಳಿಸಿದರು ಎಂದರು. ಅಕ್ಕನಿಗೆ ಬಳ್ಳಾರಿಯಲ್ಲಿ ಸೀಟು ಸಿಕ್ಕಿದೆ, ಇನ್ನು ಎಂಟು ದಿನ ಇದೆ, ನಾನು ದೊಡ್ಡಸ್ತಿಕೆಗೆ ಆಗಬಹುದು ಎಂದುಬಿಟ್ಟೆ, ಅವಳನ್ನು ಒಂದು ಮಾತೂ ಕೇಳಲಿಲ್ಲ ಎಂದು ಎಲ್ಲ ಒದರಿಬಿಟ್ಟೆ. ಹೇಳುತ್ತ ಹೇಳುತ್ತ ಮೂಗು ಸೋರಿ ಮೀಸೆ ಕರಗಿ ಬಾಯಿಗೆ ಬಂತು. ಅವರು ಮಾವನನ್ನು ಸಾವಕಾಶವಾಗಿ, ಒಂದೊಂದೇ ಮಾತು ಆರಿಸಿ ಬೈದರು. ಬೈದು ಮುಗಿಸಿ, ಹುಡುಗರು ಹಿಡಿದ ಎಲೆ ಅಡಿಕೆ ಲೆಕ್ಕಕ್ಕಿಲ್ಲ, ಸಾಟಿ ಮುರಿದ ಮೇಲೆ ಎರಡೂ ಮುರಿದಂತೆ, ನಿಮ್ಮವ್ವನಿಗೆ ನಾನೇ ಕಾಗದ ಬರೆಯುತ್ತೇನೆ ಎಂದರು. ಊಟ ಮಾಡಿಯೇ ಹೋಗಬೇಕು ಎಂದರು.

ರೊಟ್ಟಿ ಬಡಿಸುವಾಗ ಮಗಳು, ನಿಮ್ಮಕ್ಕ ಎಷ್ಟು ಓದಿದ್ದಾಳೆ ಎಂದು ಕೇಳಿದಳು. ಹೇಳಿದೆ. ತನ್ನದು ಏಳನೆಯದಕ್ಕೆ ನಿಂತಿತು ಎಂದಳು. ಬಜ್ಜಿಯ ಮೆಣಸಿನಕಾಯಿ ತೆಗೆದಿಟ್ಟ ದಿನವೇ ನೀನು ಹುಡುಗ ಎಂದು ನನಗೆ ಗೊತ್ತಿತ್ತು, ನನ್ನನ್ನು ಯಾರೂ ಕೇಳಲಿಲ್ಲ ಎಂದಳು. ನನ್ನ ಪಲ್ಯಕ್ಕೆ ಖಾರ ಕಡಿಮೆಯಾಗಲೆಂದು ಮೊಸರು ಹಾಕಿ ಒಳಗೆ ಹೋದಳು. ಅವಳನ್ನು ಮತ್ತೆ ನಾನು ನೋಡಲಿಲ್ಲ.

ಮಾವ ನಮ್ಮ ಮನೆಯ ರೊಟ್ಟಿ ಬಿಟ್ಟ. ಆರು ದಿನದ ಮೇಲೆ ಅಕ್ಕ ಬಳ್ಳಾರಿಗೆ ಹೊರಟಳು. ಬಸ್‌ ಸ್ಟ್ಯಾಂಡಿನಲ್ಲಿ ಅಪ್ಪನ ತಗಡಿನ ಟ್ರಂಕು ಮೇಲೆ ಹಾಕಿಸಿ, ಅವ್ವನ ಕೈ ಹಿಡಿದುಕೊಂಡು, ಸೀಮೆಎಣ್ಣೆ ಯಾವ ದಿನ ಕೊಡುತ್ತಾರೆ, ಇವನ ಫೀಜು ಯಾವಾಗ ಕಟ್ಟಬೇಕು, ಎದೆನೋವು ಬಂದರೆ ಯಾವ ಗುಳಿಗೆ ಎಂದು ಒಂದೊಂದೇ ಹೇಳಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೂಂ ಹೂಂ ಎನ್ನುತ್ತಿದ್ದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಸ್ಸು ಗರ್ ಎಂದದ್ದೇ ನಾನು ಅಕ್ಕನ ಸೆರಗು ಹಿಡಿದುಕೊಂಡು ಊರೆಲ್ಲ ನೋಡುವ ಹಾಗೆ ಅತ್ತೆ. ಹೋಗಬೇಡ ಎಂದೂ ಅಂದೆ. ಅವಳು ನನ್ನ ತಲೆ ಸವರಿದಳು. ಅವಳ ಕಣ್ಣು ಒಣಗಿಯೇ ಇದ್ದವು.

"ಅಳಪ್ಪಾ, ನೀನರ ಅಳು. ನೀ ಇನ್ನಾ ಸಣ್ಣಾವ ಅದೀ. ನಾ ಅತ್ರ ಅವ್ವಗ ಸಮಾಧಾನ ಮಾಡೋರು ಯಾರು?"

ಸೆರಗು ಬಿಡಿಸಿಕೊಂಡು ಬಸ್ಸು ಹತ್ತಿದಳು. ಆಗ ಅವಳಿಗೆ ಹದಿನೇಳು ವರ್ಷ.